ಹದಿಮೂರನೆಯ ಪಕ್ಕೆಲುಬು

ಕೃಷ್ಣೆಯ ದಂಡೆಯ ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಮೂವತ್ನಾಲ್ಕು ವರ್ಷ ಅಂಗರಚನಾಶಾಸ್ತ್ರವನ್ನು ಬೋಧಿಸಿ ಈ ಆಷಾಢದಲ್ಲಿ ನಿವೃತ್ತರಾಗುತ್ತಿರುವ ಡಾ. ಕುಮುದಿನಿ ಪೋತನೀಸ್ ಅವರ ಹೆಸರು ಕೇಳದೆ ದಕ್ಷಿಣ ಮಹಾರಾಷ್ಟ್ರದಲ್ಲಿ ವೈದ್ಯರಾದವರು ವಿರಳ. ಎದೆಗೂಡು ಮತ್ತು ಬೆನ್ನುಮೂಳೆಯನ್ನು ಕುರಿತ ಅವರ ಪಾಠಗಳು, ಒಣಗಿದ ಎಲುಬನ್ನು ಉಸಿರಾಡುವ ದೇಹಕ್ಕೆ ಮರಳಿ ಜೋಡಿಸಿದ ಅಪರೂಪದ ಪಾಠಗಳು. ವಿದ್ಯಾರ್ಥಿಗಳು ತಮ್ಮದೇ ಪಕ್ಕೆಗಳ ಮೇಲೆ ಅಂಗೈ ಇಟ್ಟು ಉಸಿರೆಳೆದು, ಪಕ್ಕೆಲುಬುಗಳು ಬಕೇಟಿನ ಹಿಡಿಯಂತೆ ಮೇಲೇಳುವುದನ್ನು ತಾವೇ ಅರಿಯುವವರೆಗೆ ಅವರು ಮುಂದಿನ ಮಾತಾಡುತ್ತಿರಲಿಲ್ಲ.

ತಾಸಗಾವದ ದರ್ಜಿಯೊಬ್ಬರ ಮಗಳಾದ ಅವರು ೧೯೯೧ರಲ್ಲಿ ವಿಭಾಗಕ್ಕೆ ಬಂದಾಗ ಜೊತೆಗೆ ತಂದದ್ದು ಒಂದು ಚೀಲ. ಕೋಟಿನ ಬಟ್ಟೆಯ ತುಂಡುಗಳಿಂದ ತಂದೆ ಹೊಲಿದು ಕೊಟ್ಟದ್ದು. ಅದರೊಳಗೆ ಕೈಯಿಟ್ಟು, ನೋಡದೆ, ಬೆರಳಿಗೆ ಸಿಕ್ಕ ಎಲುಬು ಯಾವುದು, ಎಷ್ಟನೆಯದು, ಯಾವ ಮಗ್ಗುಲಿನದು ಎಂದು ಹೇಳಬೇಕು. ಎಲುಬಿನ ಪೆಟ್ಟಿಗೆ ಕೊಳ್ಳಲಾರದವರಿಗೆ ವಿಭಾಗದ ಪೆಟ್ಟಿಗೆಯನ್ನೇ ರಜೆಗೆ ಊರಿಗೆ ಕೊಟ್ಟು ಕಳಿಸುತ್ತಿದ್ದರು. ಅದರ ಮೇಲೊಂದು ಭಡಂಗದ, ಅಂದರೆ ಖಾರದ ಚುರುಮುರಿಯ, ಪೊಟ್ಟಣವೂ ಇರುತ್ತಿತ್ತು.

ಹಾಗೆ ಪೆಟ್ಟಿಗೆ ಒಯ್ದವರಲ್ಲಿ ಧನಾಜಿ ಖೋತ್ ಒಬ್ಬರು. ೧೯೯೯ರಲ್ಲಿ ಮೊದಲ ವರ್ಷದ ಪರೀಕ್ಷೆಗೆ ಅವರು ಕೂತದ್ದು ಎರಡನೆಯ ಸಲ. ಈ ಸಲವೂ ನಪಾಸಾದರೆ ಓದು ಬಿಡಿಸಿ ಕಬ್ಬು ಕಡಿಯುವ ತಂಡಕ್ಕೆ ಸೇರಿಸುವುದಾಗಿ ಅವರ ತಂದೆ ಹೇಳಿಯಾಗಿತ್ತು. ಪರೀಕ್ಷಕರಾಗಿ ಪುಣೆಯಿಂದ ಹಿರಿಯರೊಬ್ಬರು ಬಂದಿದ್ದರು. ಮರುತಿಂಗಳು ಕುಮುದಿನಿಯವರ ಬಡ್ತಿಯ ಸಂದರ್ಶನಕ್ಕೂ ಅವರೇ ಬರುವವರಿದ್ದರು.

ಧನಾಜಿ ಚೀಲದೊಳಗೆ ಕೈಯಾಡಿಸಿ, ಬೆನ್ನುಮೂಳೆಯ ಮಣಿಯೊಂದನ್ನು ತಡವಿ, "ಸೊಂಟದ ಮೊದಲನೇ ಕಶೇರು ಸರ್," ಎಂದರು.

ಪರೀಕ್ಷಕರು ಅದನ್ನು ಹೊರತೆಗೆದು ತಿರುಗಿಸಿದರು. "ಸೊಂಟದ್ದ ಅಂತೀ. ಮತ್ತ ಮಗ್ಗಲಕ್ಕ ಪಕ್ಕೆಲುಬು ಕೂತ ಗುರುತು ಐತೆಲ್ಲೊ, ಅದೇನು ಸೊಳ್ಳಿ ಕಡದದ್ದೇನು?"

"ಪಕ್ಕೆಲುಬು ಇತ್ರಿ ಸರ್. ಆದ್ರೂ ಸೊಂಟದ್ದ. ಮ್ಯಾಲಿನ ಕೀಲು ಎರಡೂ ಒಳಗ ಮುಖ ಮಾಡ್ಯಾವು. ಎದಿಯ ಹನ್ನೆರಡನೇದಕ್ಕ ಹಿಂಗ ಇರೂದಿಲ್ಲ."

"ನಿಮ್ಮ ಮೇಡಮ್ಮರು ಉತ್ತರದ ಪಟ್ಟಿಯೊಳಗ ಎದಿಯ ಹನ್ನೆರಡನೇದಂತ ಬರದಾರ. ಅವರಿಗೆ ಎಣಿಸಾಕ ಬರೂದಿಲ್ಲ ಹಂಗಾರ," ಎಂದು ನಕ್ಕು ಅವರು ಸೊನ್ನೆ ಬರೆದರು.

ಧನಾಜಿ ಬಾಗಿಲು ದಾಟಿ ಹೋದರು. ಕುಮುದಿನಿಯವರು ಆ ಎಲುಬನ್ನು ಮೇಜಿನಿಂದ ಎತ್ತಿಕೊಂಡರು.

ಕಿಟಕಿಯ ಬಳಿ ನಿಂತು ಎಲುಬಿನ ಮೇಲೆ ಹೆಬ್ಬೆರಳಾಡಿಸಿದಾಗ ಅವರಿಗೆ ನಾಲ್ಕು ವರ್ಷದ ಹಿಂದಿನದು ನೆನಪಾಯಿತು. ದಾನವಾಗಿ ಬಂದ ಒಂದು ದೇಹದ ಎಲುಬುಗಳನ್ನು ವಿಭಾಗದ ಸಹಾಯಕ ಮಾರುತಿ ಭೋರೆ ತೊಳೆದು ಒಣಗಿಸಿದಾಗ, ಬೆರಳುದ್ದದ ಎರಡು ಪಕ್ಕೆಲುಬು ಹೆಚ್ಚಾಗಿದ್ದವು. ಬೇರೆ ಯಾರದೋ ಬೆರೆತಿವೆ, ಕಸಕ್ಕೆ ಒಗೆದುಬಿಡು ಎಂದಿದ್ದರು ಇವರು. ಗುರುತಿದ್ದ ಕಶೇರುವನ್ನು ಎದೆಯ ಹನ್ನೆರಡನೆಯವುಗಳ ತಟ್ಟೆಗೆ ಹಾಕಿ, ಸೊಂಟದ ಲೆಕ್ಕ ತುಂಬಲು ಮತ್ತೊಬ್ಬರ ಕಶೇರುವನ್ನು ಆ ಅಸ್ಥಿಪಂಜರದ ತಂತಿಗೆ ಪೋಣಿಸಿದ್ದರು. ಪುಸ್ತಕದ ಹನ್ನೆರಡು ಜೊತೆಯ ಎಣಿಕೆ ತಪ್ಪದಿರಲೆಂದು ಮನುಷ್ಯನನ್ನೇ ತಿದ್ದಿದ್ದರು.

ತಮ್ಮನ್ನು ಮರಾಠಿ ರೂಢಿಯಂತೆ ಗೌರವದಿಂದ 'ಬಾಯಿ' ಎನ್ನುತ್ತಿದ್ದ ಮಾರುತಿಯವರನ್ನು ಕರೆದು ಆ ಪಕ್ಕೆಲುಬುಗಳ ಬಗ್ಗೆ ಕೇಳಿದರು. ಅವರು ಕಪಾಟಿನ ಹಿಂದಿನಿಂದ ಬ್ಯಾಂಡೇಜು ಬಟ್ಟೆಯ ಗಂಟೊಂದನ್ನು ತಂದರು. "ನೀವು ಒಗಿ ಅಂದ್ರಿ ಬಾಯಿ. ನಾ ಒಗೀಲಿಲ್ಲ. ದಾನಾ ಕೊಟ್ಟವರ ಮೈ, ಕಸದಾಗ ಹೆಂಗ ಹಾಕ್ಲಿ?"

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಎರಡೂ ತುಂಡುಗಳು ಆ ಗುರುತುಗಳಲ್ಲಿ ಸದ್ದಿಲ್ಲದೆ ಕೂತವು.

ಅವನ್ನು ತೋರಿಸಲು ಕುಮುದಿನಿಯವರು ಹೋದಾಗ ಪರೀಕ್ಷಕರು ಚಹಾ ಕುಡಿಯುತ್ತಿದ್ದರು. "ಅಂಕ ಬರದಾಗೇತ್ರಿ ಬಾಯಿ. ಈಗ ತಿದ್ದಿದರ ನಿಮ್ಮ ತಪ್ಪನ್ನೂ ಬರೀಬೇಕಾಗ್ತದ," ಎಂದರು.

"ಬರೀರಿ. ಮೊದಲು ಅದನ್ನ ಬರೀರಿ."

ಧನಾಜಿ ತೇರ್ಗಡೆಯಾದರು, ಇಂದು ಜತ್‌ನ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರು. ಕುಮುದಿನಿಯವರ ಬಡ್ತಿ ಮೂರು ವರ್ಷ ತಡವಾಯಿತು. ಅದನ್ನು ಅವರು ಯಾರ ಮುಂದೆಯೂ ಆಡಿದ್ದಿಲ್ಲ. ನಮಗೆ ತಿಳಿದದ್ದು ಕಚೇರಿಯ ಕಡತದಿಂದ. ಆದರೆ ಅದೇ ವಾರ ಮಾರುತಿಯವರೊಡನೆ ಕೂತು ಆ ಅಸ್ಥಿಪಂಜರವನ್ನು ಬಿಚ್ಚಿ ಅದರದೇ ಕಶೇರುವನ್ನು ಪೋಣಿಸಿ, ಹದಿಮೂರು ಜೊತೆ ಪಕ್ಕೆಲುಬುಗಳೊಡನೆ ಮತ್ತೆ ನಿಲ್ಲಿಸಿದರು. ಅವರ ಕೈಬರಹದ ಚೀಟಿ ಇಂದಿಗೂ ಅದರ ಕಾಲ ಬಳಿ ಇದೆ: "ಗುರುತಿಸಿದವರು, ಧನಾಜಿ ಖೋತ್, ಪ್ರಥಮ ವರ್ಷ. ಉಳಿಸಿದವರು, ಮಾರುತಿ ಭೋರೆ. ತಪ್ಪಿದವರು, ಕು. ಪೋತನೀಸ್."

ಕಳೆದ ತಿಂಗಳು ಅವರು ತಮ್ಮ ದೇಹದಾನದ ಪತ್ರಕ್ಕೆ ಸಹಿ ಹಾಕಿ ವಿಭಾಗಕ್ಕೇ ಒಪ್ಪಿಸಿದರು. ಮಾರುತಿಯವರು ಅದನ್ನು ಮುಟ್ಟಲೊಲ್ಲದೆ, "ನಿಮ್ಮ ಎಲುಬು ತೊಳಿಯೂದು ನನ್ನ ಕೈಲೆ ಆಗೂದಿಲ್ಲ ಬಾಯಿ," ಎಂದರು.

"ಅವಸರ ಇಲ್ಲೊ ಮಾರುತಿ. ತೊಳಿಯವರು ಯಾರ ಇರ್ಲಿ, ಎರಡು ಸಲ ಎಣಸ್ರಿ ಅಂತ ಹೇಳು."

ಬೆನ್ನುಮೂಳೆಯ ಕುರಿತ ಅವರ ಗ್ರಂಥ ಅರ್ಧದಲ್ಲಿದೆ. ಅದು ಪೂರ್ಣಗೊಳ್ಳಲಿ, ಅದರ ಮುಂದಿನದೂ ಆರಂಭವಾಗಲಿ. ಆ ಪತ್ರ ಕಪಾಟಿನಲ್ಲೇ ಹಳದಿಗಟ್ಟಲಿ, ಅದನ್ನು ಇಸಿದುಕೊಂಡವರೆಲ್ಲ ನಿವೃತ್ತರಾಗಲಿ, ಎಣಿಸುವ ಕೆಲಸ ಇನ್ನೂ ಹುಟ್ಟದವರ ಪಾಲಿಗೆ ಬರಲಿ.