ಪರದೆಯ ಮೂಲೆಯಲ್ಲಿ ಕೈಸನ್ನೆ

ದೇಶಕ್ಕೆಲ್ಲ ಒಂದು ಹೊಸ ಸಾರ್ವಜನಿಕ ಟಿವಿ ಚಾನೆಲ್ ಮುಂಬಯಿಯಿಂದ ಶುರುವಾಗುತ್ತದೆ ಎಂದಾಗ, ಪರದೆಯ ಮೇಲೆ ಚಿತ್ರ, ಅಕ್ಷರ ಮೂಡಿಸುವ ಕೆಲಸಕ್ಕೆ ನಾನು ಸೇರಿಕೊಂಡೆ. ಮುಲುಂಡಿನಿಂದ ದಿನವೂ ಲೋಕಲ್ ರೈಲು ಹಿಡಿದು ಹೋಗುತ್ತಿದ್ದೆ. ಸ್ಟುಡಿಯೋ ಎಂದರೆ ಒಂದು ಹಳೆಯ ಗೋದಾಮು. ಗೋಡೆಯ ಬಣ್ಣ ಇನ್ನೂ ಒಣಗಿರಲಿಲ್ಲ.

ನಾವೆಲ್ಲ ಮೇಡಂ ಎನ್ನುತ್ತಿದ್ದ ನಮ್ಮ ಮುಖ್ಯಸ್ಥೆ ಗದಗದ ಕಡೆಯವರು. ನಾನು ಅಮ್ಮನೊಡನೆ ಫೋನಿನಲ್ಲಿ ಆಡುತ್ತಿದ್ದ ಮಾತು ಕಿವಿಗೆ ಬಿದ್ದು, "ಅಯ್ಯ, ನೀವೂ ಕನ್ನಡದವರೇನ್ರಿ? ಹಿಂದಿ ಮಾತಾಡಿ ಮಾತಾಡಿ ನಾಲಗಿ ಒಣಗಿತ್ತು ನೋಡ್ರಿ" ಎಂದು ತಮ್ಮ ಡಬ್ಬಿಯ ರೊಟ್ಟಿ ಮುರಿದು ಕೊಟ್ಟಿದ್ದರು.

ಕಿವಿ ಕೇಳದವರಿಗಾಗಿ ಪ್ರತಿ ವಾರ್ತೆಯಲ್ಲೂ ಕೈಸನ್ನೆಯಲ್ಲಿ ಹೇಳುವ ಹುಡುಗಿ ಪರದೆಯ ಮೂಲೆಯಲ್ಲಿ ಇರಲೇಬೇಕು ಎಂಬುದು ಅವರ ಹಟ. ಉದ್ಘಾಟನೆಯ ಮುನ್ನಾದಿನ ತಾಲೀಮು ನೋಡಲು ಬಂದ ಹಿರಿಯ ಅಧಿಕಾರಿಗೆ ಅದು ಹಿಡಿಸಲಿಲ್ಲ. "ನಾಳೆ ದೊಡ್ಡವರೆಲ್ಲ ನೋಡುತ್ತಾರೆ. ಪರದೆ ಚೆನ್ನಾಗಿ ಕಾಣುವುದಿಲ್ಲ, ಅದನ್ನು ತೆಗೆಯಿರಿ" ಎಂದು ಹಿಂದಿಯಲ್ಲಿ ನನಗೇ ಹೇಳಿದರು. ಒಂದು ಕ್ಲಿಕ್ ಸಾಕಿತ್ತು. ನನ್ನ ಕೈ ಮೌಸಿನ ಮೇಲೆ ಹೋಗಿಯೇಬಿಟ್ಟಿತ್ತು, ನಾಚಿಕೆಯಿಂದಲೇ ಹೇಳುತ್ತೇನೆ.

ಮೇಡಂ ಎದ್ದು ಬಂದು ಧ್ವನಿಯನ್ನು ಪೂರ್ತಿ ಇಳಿಸಿದರು. ವಾರ್ತೆ ಓದುವವನ ಬಾಯಿ ಮಾತ್ರ ಆಡುತ್ತಿತ್ತು.

"ಸಾಹೇಬ್, ಈಗ ಅವನು ಏನು ಹೇಳಿದ?" ಎಂದು ಹಿಂದಿಯಲ್ಲೇ ಕೇಳಿದರು.

ಅಧಿಕಾರಿ ಪರದೆ ನೋಡಿದರು, ನಮ್ಮ ಮುಖ ನೋಡಿದರು. "ಇರಲಿ ಬಿಡಿ. ಚಿಕ್ಕದಾಗಿ ಇಡಿ" ಎಂದು ಹೊರಟರು.

ಅವರು ಹೋದ ಕೂಡಲೇ ಮೇಡಂ ನನ್ನತ್ತ ತಿರುಗಿದರು. "ಸಣ್ಣದು ಮಾಡಿದ್ರ ಬೆರಳು ಹೆಂಗ ಕಾಣ್ತಾವ? ಇನ್ನೊಂದೀಟು ದೊಡ್ಡದ ಮಾಡ್ರಿ."

"ಮೇಡಂ, ನಾಳೆ ಅವರು ಕೇಳಿದ್ರೆ?"

"ನಾ ಹೇಳೇನಿ ಅಂತ ಹೇಳ್ರಿ."

ದೊಡ್ಡದು ಮಾಡಿದೆ. ಯಾರೂ ಕೇಳಲಿಲ್ಲ.

ಚಾನೆಲ್ ಶುರುವಾಗಿ ಕೆಲವು ದಿನಗಳಾಗಿದ್ದವು. ಘಾಟ್ಕೋಪರಿನಿಂದ ಗಂಡಹೆಂಡತಿ ಇಬ್ಬರು ಗೇಟಿಗೆ ಬಂದರು. ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ತಂದಿದ್ದರು: "ಮಗಳನ್ನು ಕೇಳದೆ ನಾವೇ ವಾರ್ತೆ ತಿಳಿದುಕೊಂಡದ್ದು ಇದೇ ಮೊದಲು. ಆ ಹುಡುಗಿಯನ್ನು ನೋಡಬೇಕು."

ಹುಡುಗಿ ಓಡಿ ಬಂದಳು. ಮೂವರ ಕೈಗಳೂ ಒಟ್ಟಿಗೇ ಮಾತಿಗಿಳಿದವು. ಪಕ್ಕದಲ್ಲಿ ನಿಂತಿದ್ದ ಮೇಡಂ ತಡೆದು ತಡೆದು ತಾವೂ ಏನೋ ಸನ್ನೆ ಮಾಡಿದರು. ಹೆಂಡತಿ ನಕ್ಕು, ಅವರ ಬೆರಳುಗಳನ್ನು ಹಿಡಿದು ಒಂದೊಂದಾಗಿ ಸರಿಮಾಡಿದಳು.