ಅತ್ತೆಗೊಂದು ಮೋಟಾರು

ಮೊನ್ನೆ ಮೊಮ್ಮಗ ಹಳೆಯ ಕಾರೊಂದನ್ನು ತಂದು ಮನೆಯ ಮುಂದೆ ನಿಲ್ಲಿಸಿದ. ರೋಣದಲ್ಲಿ ಅವನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. "ಅವ್ವಗ ಅಂತ ತಂದೀನಿ ಅಜ್ಜಿ, ಹ್ಯಾಂಗದ ನೋಡು" ಎಂದು ಬಾಗಿಲು ತೆಗೆದು ನನ್ನ ತಲೆಯನ್ನು ಒಳಗೆ ತೂರಿಸಿದ. ಬಿಸಿಲಿಗೆ ಕಾದ ಸೀಟು, ಪೆಟ್ರೋಲು, ಯಾರೋ ಯಾವಾಗಲೋ ತಿಂದು ಚೆಲ್ಲಿದ ಚುರುಮರಿ, ಎಲ್ಲ ಕಲೆತ ವಾಸನೆಯೊಂದು ಮೂಗಿಗೆ ಬಡಿಯಿತು. ಮಂದಿ ಕೂತು ಬಿಟ್ಟ ಗಾಡಿಯನ್ನು ಹೆತ್ತ ತಾಯಿಗೆ ಯಾಕೆ ತಂದೆಯೋ ಎಂದು ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತೆ. ಆ ವಾಸನೆ ನನಗೆ ಹಳೆಯ ಪರಿಚಯ.

ನನ್ನ ಮದುವೆಯ ಬಗ್ಗೆ ನಾನು ಯಾರ ಮುಂದೆಯೂ ಜಂಬ ಕೊಚ್ಚಿಕೊಂಡವಳಲ್ಲ. ಕಾರಣವಿಷ್ಟೆ: ನನ್ನ ಮದುವೆಯನ್ನು ಯಾರೂ ನೋಡಲಿಲ್ಲ. ಐವತ್ತರ ದಶಕದ ಮಾತು. ಗಜೇಂದ್ರಗಡದಲ್ಲಿ, ಗಂಡನ ಮನೆಯ ಅಂಗಳದಲ್ಲಿ, ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ನರಗುಂದದ ಚಿಗವ್ವ ಮೋಟಾರಿನಲ್ಲಿ ಬಂದಿಳಿದಳು. ಚಿಗವ್ವ ಎಂದರೆ ನನ್ನ ಅತ್ತೆಯ ಬೆನ್ನಿಗೆ ಬಿದ್ದ ತಂಗಿ; ಗಂಡ ಕಾಳಿನ ವ್ಯಾಪಾರಿ. ಚಪ್ಪರದಲ್ಲಿದ್ದ ಮಂದಿಯೆಲ್ಲ ಒಮ್ಮೆಗೇ ಎದ್ದು ಆ ಕರಿ ಮೋಟಾರಿನ ಸುತ್ತ ನೆರೆಯಿತು. ಕೈಯಲ್ಲಿದ್ದ ಅಕ್ಷತೆಯನ್ನು ಏನು ಮಾಡುವುದೆಂದು ತಿಳಿಯದೆ ಅದರ ಮೇಲೆಯೇ ಎರಚಿದರು. ನಮ್ಮ ಮೇಲೆ ಬಿದ್ದದ್ದು ಭಟ್ಟರು ಹಾಕಿದ ನಾಲ್ಕು ಕಾಳು. ನಮ್ಮ ಸಂಸಾರ ಆಗಾಗ ಹ್ಯಾಂಡಲ್ ಹೊಡೆದು ಚಾಲೂ ಮಾಡಬೇಕಾದ ಸಂಸಾರವಾದದ್ದು ಇದರಿಂದಲೇ ಎಂದು ನಮ್ಮ ಮನೆಯವರು ಸಾಯುವ ತನಕ ಹೇಳುತ್ತಿದ್ದರು.

ನಾನೇನೋ ಸುಮ್ಮನಿದ್ದೆ, ಹೊಸ ಸೊಸೆ. ಆದರೆ ಅತ್ತೆ ಸುಮ್ಮನಿರಲಿಲ್ಲ. ಊಟದ ಪಂಕ್ತಿಯಲ್ಲಿ ತಂಗಿಯ ಎದುರು ನಿಂತು, ಹೋಳಿಗೆ ಬಡಿಸುತ್ತಲೇ ಅಂದರು:

"ಮೋಟಾರಿನ್ಯಾಗ ಬಂದಾಕಿ ನೀನು. ನಮ್ಮ ಚಾಪಿ ನಿನಗ ಚುಚ್ಚತಿರಬೇಕು."

"ಚುಚ್ಚೂದು ಚಾಪಿ ಅಲ್ಲಕ್ಕಾ, ನಿನ್ನ ಮಾತು" ಎಂದಳು ಚಿಗವ್ವ.

"ಹೌದೇನು? ಹಂಗಾರ ಕೇಳು. ನಾನೂ ಮೋಟಾರಿನ್ಯಾಗs ಬರ್ತೀನಿ ನಿಮ್ಮ ಮನಿಗಿ. ಅಲ್ಲೀತನಾ ನಿನ್ನ ಹೊಸ್ತಿಲಾ ತುಳಿಯೂದಿಲ್ಲ."

ತಂಗಿ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಅಲ್ಲಿಗೆ ಮಾತು ಮುಗಿಯಿತು. ಮುಗಿಯಿತು ಎಂದರೆ ವರ್ಷಗಟ್ಟಲೆ ಮುಗಿಯಿತು. ನರಗುಂದದಿಂದ ಸುದ್ದಿ ಬಂದರೆ ಅತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆದರೆ ಒಂದೇ ಕಿವಿ, ಅದೂ ಸಡಿಲವಾಗಿ.

ನಮ್ಮ ಮಾವನವರದು ಸೀರೆಯ ಅಂಗಡಿ. ಊರಿನ ಮಗ್ಗದ ಸೀರೆಗಳನ್ನು ಕೊಂಡು ಮಾರುತ್ತಿದ್ದರು. ಅಂಗಡಿಯಲ್ಲಿ ಒಂದು ಸೆರಗು ಬಿಚ್ಚಿದರೆ ಪುರಾಣವೇ ಹೊರಗೆ ಬೀಳುತ್ತಿತ್ತು. ಮನೆಗೆ ಬಂದರೆ ಮನುಷ್ಯ ಮಡಿಚಿಟ್ಟ ಸೀರೆ. ಸಂತೆಯ ದಿನ ತಪ್ಪದೆ ರೋಣಕ್ಕೆ ಹೋಗುತ್ತಿದ್ದರು, ವ್ಯಾಪಾರಕ್ಕೆಂದು. ಸಂಜೆ ಬರುವಾಗ ಮುಖದಲ್ಲೊಂದು ಕಳೆ ಇರುತ್ತಿತ್ತು. ವ್ಯಾಪಾರ ಚಲೋ ಆಗಿರಬೇಕೆಂದು ನಾವು ತಿಳಿಯುತ್ತಿದ್ದೆವು.

ಹೀಗಿರುವಾಗ ಚಿಗವ್ವನ ಮಗನ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಬಂತು. ಅತ್ತೆ ಅದನ್ನು ದೇವರ ಜಗಲಿಯ ಮೇಲಿಟ್ಟು ಅಡಿಗೆಮನೆಗೆ ಹೋಗಿ ಉಳ್ಳಾಗಡ್ಡಿ ಹೆಚ್ಚತೊಡಗಿದರು. ಅಂದು ಅಡಿಗೆಗೆ ಉಳ್ಳಾಗಡ್ಡಿಯೇ ಬೇಕಿರಲಿಲ್ಲ.

"ಹೋಗೂಣಲ್ಲಾ?" ಎಂದರು ಮಾವನವರು, ಬಾಗಿಲ ಹೊರಗೆ ನಿಂತು.

"ಹ್ಯಾಂಗ ಹೋಗಲ್ರಿ? ಆಡಿದ ಮಾತು ಏನಾತು? ಆ ಹುಡುಗನ್ನ ಎತ್ತಿ ಆಡಿಸೀನಿ ನಾನು. ಅಂವಗ ಅರಿಷಿಣ ಹಚ್ಚೂದು ನನ್ನ ಹಣೀಯಾಗ ಬರದಿಲ್ಲ." ಮತ್ತೊಂದು ಉಳ್ಳಾಗಡ್ಡಿ ತೆಗೆದುಕೊಂಡರು.

ಮಾವನವರು ಮರುದಿನ ಗದಗಿಗೆ ಹೋಗುತ್ತೇನೆಂದು ಹೋದವರು ಕೆಲವು ದಿನ ಬಿಟ್ಟು ಗಿಳಿಹಸಿರು ಬಣ್ಣದ ಮೋಟಾರಿನಲ್ಲಿ ಕುಳಿತು ಬಂದರು. ಗಿಳಿ ನೋಡಿದರೆ ತಾನೇ ನಾಚಬೇಕು, ಅಂಥ ಹಸಿರು. ಓಡಿಸುತ್ತಿದ್ದವನು ರೋಣದ ಮೌಲಾಸಾಬ ಎಂಬ ಡ್ರೈವರು. "ನಿನಗ ಅಂತ ತಗೊಂಡೀನಿ" ಎಂದರು ಮಾವನವರು, ಹೆಂಡತಿಯ ಮುಖ ನೋಡದೆ, ಮೋಟಾರಿನ ಮುಖ ನೋಡಿಕೊಂಡು.

ಅತ್ತೆ ಎಮ್ಮೆ ವ್ಯಾಪಾರಕ್ಕೆ ನಿಂತವರಂತೆ ಅದರ ಸುತ್ತ ಬಂದರು. ಬಾಯಿ ತೆರೆಸಿ ಹಲ್ಲು ನೋಡುವುದೊಂದು ಬಾಕಿ.

"ಹಳೇದೇನ್ರಿ?"

"ಗದಗಿನ ವಕೀಲರೊಬ್ರದು. ಬರೇ ಕೋರ್ಟಿಗೆ ಹೋಗಿ ಬಂದು ಮಾಡ್ಯಾರ, ಅಷ್ಟs."

"ಹಂಗಾರ ಸುಳ್ಳು ಕೇಳಿ ಕೇಳಿ ರೂಢಿ ಇದ್ದೀತು ಬಿಡ್ರಿ" ಎಂದರು ಅತ್ತೆ. ಮಾವನವರಿಗೆ ಯಾಕೋ ಕೆಮ್ಮು ಬಂತು.

ಗಾಡಿ ಚಲೋ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹಿಂದಿನ ಬಾಗಿಲುಗಳಲ್ಲಿ ಒಂದನ್ನು ತಂತಿಯಿಂದ ಬಿಗಿದು ಕಟ್ಟಿದ್ದರು. ಇನ್ನೊಂದು ಯಾರ ಮಾತಿಗೂ ಬಗ್ಗುತ್ತಿರಲಿಲ್ಲ. ಎಳೆದೆವು, ಗುದ್ದಿದೆವು, ಒಳ್ಳೆಯ ಮಾತಿನಲ್ಲಿ ಹೇಳಿ ನೋಡಿದೆವು. ಮೌಲಾಸಾಬ ಆಕಾಶ ನೋಡುತ್ತ ನಿಂತಿದ್ದ. ಡ್ರೈವರನ ಪಕ್ಕ ಕೂಡಲು ಅತ್ತೆ ಸುತರಾಂ ಒಪ್ಪಲಿಲ್ಲ. ಕೊನೆಗೆ ಅವರನ್ನು ಮುಂದಿನ ಬಾಗಿಲಿನಿಂದ ಹತ್ತಿಸಿ, ಸೀಟಿನ ಬೆನ್ನಿನ ಮೇಲಿಂದ ಹಿಂದಕ್ಕೆ ದಾಟಿಸಬೇಕಾಯಿತು. ನಾನು ಮುಂದಿನಿಂದ ದೂಡಿದೆ, ನಮ್ಮ ಮನೆಯವರು ಹಿಂದೆ ಕುಳಿತು ಬರಮಾಡಿಕೊಂಡರು. ಕಣಜಕ್ಕೆ ಜೋಳದ ಚೀಲ ಇಳಿಸಿದ ಹಾಗಾಯಿತು. ಒಳಗೆ ಬಿದ್ದ ಮೇಲೆ ಅತ್ತೆ ಸೆರಗು ಸರಿಪಡಿಸಿಕೊಂಡು, "ಹೂಂ, ನಡೀಲಿ" ಎಂದರು, ಹುಟ್ಟಿದಾಗಿನಿಂದ ಹೀಗೆಯೇ ಹತ್ತಿದವರಂತೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಹೊರಟೆವು; ಮುಂದೆ ಮಾವನವರ ಪಕ್ಕ ನಾನು, ಹಿಂದೆ ಅತ್ತೆ ಮತ್ತು ನಮ್ಮ ಮನೆಯವರು. ರೋಣದಲ್ಲಿ ರೇಡಿಯೇಟರಿಗೆ ನೀರು ಹಾಕಲು ಒಂದು ಖಾನಾವಳಿಯ ಮುಂದೆ ನಿಲ್ಲಿಸಿದರೆ, ಯಾರೂ ಕೇಳದೆಯೇ ಅದರ ಮಾಲಕ ಒಂದು ತಟ್ಟೆ ಮಿರ್ಚಿ ಭಜಿ ಹಿಡಿದುಕೊಂಡು ಬಂದ.

"ಇವತ್ತ ಸಾವ್ಕಾರ್ರು ಒಬ್ರs ಏನ್ರಿ?" ಎಂದು ಮಾವನವರನ್ನು ಕೇಳಿದ.

"ಒಬ್ರs ಅಂದ್ರ? ಇಷ್ಟು ಮಂದಿ ಕಾಣೂದಿಲ್ಲೇನು?" ಎಂದರು ಅತ್ತೆ ಹಿಂದಿನಿಂದ. ಮಾವನವರಿಗೆ ಮತ್ತೆ ಕೆಮ್ಮು. ಭಜಿ ತಿಂದರೆ ಹೋದೀತೆಂದು ಅಷ್ಟನ್ನೂ ಅವರೇ ತಿಂದರು.

ಯಾವಗಲ್ ಹತ್ತಿರ ಹಳ್ಳದಲ್ಲಿ ಗಾಡಿ ಹೂತಿತು. ಮಾವನವರು ತಲೆಗೆ ಸುತ್ತಿದ ಪಟಗಾ ಬಿಚ್ಚಿ ನನ್ನ ತೊಡೆಯ ಮೇಲಿಟ್ಟು ಮಗನೊಡನೆ ಇಳಿದು ದೂಡಿದರು. ಅತ್ತೆ ಇಳಿಯಲಿಲ್ಲ, ಇಳಿಯುವುದಾದರೂ ಎಲ್ಲಿಂದ? ಗಾಡಿ ಒಮ್ಮೆಗೇ ಜಿಗಿದು ಮುಂದೆ ಹೋದಾಗ ಅಪ್ಪ ಮಗ ಇಬ್ಬರೂ ಎರೆಮಣ್ಣು ಬಳಿದುಕೊಂಡು ನಿಂತಿದ್ದರು. ಬೀಗರ ಮನೆಗೆ ಹೊರಟವರೋ ಗೋಡೆ ಸಾರಿಸಿ ಬಂದವರೋ ಹೇಳುವಂತಿರಲಿಲ್ಲ.

ನರಗುಂದದ ಗುಡ್ಡ ಕಾಣುತ್ತಲೇ ಅತ್ತೆ ಮಾತು ನಿಲ್ಲಿಸಿದರು. ನಾನು ತಿರುಗಿ ನೋಡಿದೆ. ಕೈಯಲ್ಲಿದ್ದ ಕರವಸ್ತ್ರವನ್ನು ಹಗ್ಗದಂತೆ ಹೊಸೆಯುತ್ತಿದ್ದರು. ಅಷ್ಟು ಗಟ್ಟಿ ಹೆಂಗಸು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅಕಿ ಮಾತಾಡಸಲಿಲ್ಲ ಅಂದ್ರ ಹ್ಯಾಂಗವಾ?" ಎಂದರು ಸಣ್ಣ ದನಿಯಲ್ಲಿ.

ಚಪ್ಪರದ ಮುಂದೆ ಗಾಡಿ ನಿಂತಿತು. ಮಂದಿ ನೆರೆಯಿತು. ಚಿಗವ್ವ ಹೊಸ್ತಿಲಲ್ಲಿ ಬಂದು ನಿಂತಳು, ಮುಂದೆ ಬರಲಿಲ್ಲ. ಅತ್ತೆ ನೆಟ್ಟಗೆ ಕುಳಿತೇ ಇದ್ದರು. ಇಷ್ಟು ಮಂದಿಯ ಎದುರು ಸೀಟು ಹಾರಿ ಇಳಿಯುವುದು ಹೇಗೆ? "ಬಾಗಲಾ ತಗೀರಿ" ಎಂದರು ಮೆಲ್ಲಗೆ. ಮಾವನವರು ಜಗ್ಗಿದರು. ನಮ್ಮ ಮನೆಯವರು ಜಗ್ಗಿದರು. ಚಿಗವ್ವನ ಗಂಡ, ನಾವು ಕಾಕಾ ಅನ್ನುತ್ತಿದ್ದ ದಪ್ಪನೆಯ ಮನುಷ್ಯ, ಅವರೂ ಬಂದು ಕೈ ಹಚ್ಚಿದರು. ವಾಲಗದವರು ಬಾರಿಸುವುದನ್ನು ಬಿಟ್ಟು ಸಲಹೆ ಕೊಡತೊಡಗಿದರು.

ಚಿಗವ್ವನಿಗೆ ತಡೆಯಲಾಗಲಿಲ್ಲ. ದಡದಡ ಇಳಿದು ಬಂದು, "ಸರೀರಿ ಅತ್ತಾಗ, ನಿಮ್ಮ ಕೈಲಿ ಆಗೂದಿಲ್ಲ" ಎಂದು ಗಂಡಸರನ್ನು ದೂಡಿದಳು. ಹಿಡಿಕೆಯನ್ನು ಮೇಲಕ್ಕೆತ್ತಿ, ಸೊಂಟದಿಂದ ಕೆಳಗೊಂದು ಪೆಟ್ಟು ಕೊಟ್ಟಳು. ಬಾಗಿಲು ಬೆಣ್ಣೆಯಂತೆ ತೆರೆಯಿತು.

"ಇದರ ಬಾಗಲಾ ಹಿಂಗs ತಗೀಬೇಕು..." ಎಂದವಳು ಅಲ್ಲಿಗೇ ನಿಂತಳು.

ಚಿಗವ್ವ ಉಗುರಿನಿಂದ ಹಸಿರು ಬಣ್ಣವನ್ನು ಕೆರೆದಳು. ಕೆಳಗೆ ಕಪ್ಪು ಬಂತು.

"ಇದು ನಿಂದೇನ?" ಎಂದರು ಅತ್ತೆ. ಇಷ್ಟು ವರ್ಷದ ಮೇಲೆ ತಂಗಿಯೊಡನೆ ಆಡಿದ ಮೊದಲ ಮಾತು.

"ನಂದs ಅಕ್ಕಾ. ಹುಬ್ಬಳ್ಳ್ಯಾಗ ಯಾವನೋ ಪರದೇಶಿಗೆ ಮಾರೀನಿ ಅಂದಿದ್ರಲ್ಲ ಇವರು!"

ಅತ್ತೆ ಮಾವನವರನ್ನು ನೋಡಿದರು. "ಆ ಪರದೇಶಿ ಇವರs."

ಕಾಕಾ ಚಪ್ಪರದ ಕಂಬದ ಹಿಂದೆ ಸರಿದರು. ಕಂಬ ಸಣ್ಣದು, ಅವರು ದೊಡ್ಡವರು. ಅಕ್ಕ ತಂಗಿ ಇಬ್ಬರೂ ಕೂಡಿ ಮೌಲಾಸಾಬನನ್ನು ಹಿಡಿದರು.

"ನಿನಗ ಗೊತ್ತಿತ್ತೇನೋ ಈ ಬಾಗಲಾ ತಗಿಯೂದು?"

"ಗೊತ್ತಿತ್ರೀ ಅವ್ವಾರ. ಆದ್ರ ತಗದಿದ್ರ ನಿನಗ ಹ್ಯಾಂಗ ಗೊತ್ತು ಅಂತಿದ್ರಿ. ಮೊದಲ ಇವರ ಕಡೆ ಓಡಸಿದಾಂವ ನಾನು."

ಉಳಿದದ್ದನ್ನೂ ಅವನೇ ಹೇಳಿದ. ಷಡ್ಡಕರಿಬ್ಬರೂ, ಮಾವನವರು ಮತ್ತು ಕಾಕಾ, ಅಷ್ಟು ವರ್ಷ ಪ್ರತಿ ಸಂತೆಯ ದಿನ ರೋಣದ ಆ ಖಾನಾವಳಿಯಲ್ಲಿ ಕೂಡುತ್ತಿದ್ದರು. ಮಿರ್ಚಿ ತಿನ್ನುತ್ತ ಮನೆಯ ಸುಖದುಃಖ ಮಾತಾಡುತ್ತಿದ್ದರು. ಗಾಡಿಯ ವ್ಯಾಪಾರ, ಬಣ್ಣದ ಆಯ್ಕೆ ಎಲ್ಲ ಅಲ್ಲಿಯೇ ಆದದ್ದು.

"ನಾ ನನ್ನ ತಂಗಿ ಮಾರಿ ನೋಡದs ಕೊರಗೀನಿ, ನೀವು ಅಲ್ಲೆ ಭಜಿ ತಿಂದ್ರಿ?" ಅತ್ತೆಯ ದನಿ ಗುಡ್ಡಕ್ಕೆ ಬಡಿದು ಬಂತು.

"ಮನಿಗಿ ಬಂದು ಹೊಟ್ಟಿ ಸರಿ ಇಲ್ಲ ಅಂತಿದ್ರಕ್ಕಾ! ನಾ ಬೆಳ್ಳೊಳ್ಳಿ ಸುಟ್ಟು ಕೊಡತಿದ್ದೆ!" ಎಂದಳು ಚಿಗವ್ವ.

ಮಾವನವರು ಒಂದು ಹೆಜ್ಜೆ ಮುಂದೆ ಬಂದು, "ನಿಮ್ಮಿಬ್ರನ್ನೂ ಒಂದು ಮಾಡಬೇಕಂತ..." ಎನ್ನುತ್ತಿದ್ದಂತೆ ಚಿಗವ್ವ ಗಾಡಿಯೊಳಗೆ ಹತ್ತಿ ಅಕ್ಕನ ಪಕ್ಕ ಕುಳಿತಳು. "ಮೌಲಾಸಾಬ, ಹೊಡಿ ಶಿರೋಳಕ್ಕ" ಎಂದಳು. ಶಿರೋಳ ಇಬ್ಬರ ತವರೂರು, ಅಲ್ಲಿಂದ ದೂರವಿಲ್ಲ.

"ನಾವು?" ಎಂದರು ಕಾಕಾ.

"ನೀವು ಸಂತಿಗಿ ಹೋಗ್ರಿ" ಎಂದರು ಅತ್ತೆ, ಬಾಗಿಲು ಹಾಕಿಕೊಳ್ಳುತ್ತ.

ನಾನು ಮುಂದಿನ ಸೀಟಿನಲ್ಲಿ, ಮಾವನವರ ಪಟಗಾ ಮತ್ತು ಮದುವೆಗೆಂದು ತಂದ ಉಂಡಿಯ ಬುಟ್ಟಿಯ ಸಮೇತ ಸಿಕ್ಕಿಬಿದ್ದಿದ್ದೆ. ದಾರಿಯಲ್ಲಿ ಅತ್ತೆ ಕೇಳಿದರು: "ಇಷ್ಟು ವರ್ಷ ಗಾಡಿ ಇತ್ತಲ್ಲ. ಇದರಾಗ ತವರಿಗಿ ಹೋಗಿದ್ದೇನು?"

"ಇಲ್ಲಕ್ಕಾ. ನಿನ್ನ ಬಿಟ್ಟು ಒಬ್ಬಾಕಿ ಹ್ಯಾಂಗ ಮೋಟಾರಿನ್ಯಾಗ ಹೋಗಿ ಇಳೀಲಿ? ಚಕ್ಕಡ್ಯಾಗs ಹೋಗಿ ಬರ್ತಿದ್ದೆ."

ಅತ್ತೆ ಮೂಗು ಏರಿಸುವ ಸದ್ದು ಕೇಳಿತು. ಈ ಸಲ ಉಳ್ಳಾಗಡ್ಡಿ ಇರಲಿಲ್ಲ.

ಶಿರೋಳದಲ್ಲಿ ಮೆರೆದುಕೊಂಡು ಹೋಗಿ ತವರುಮನೆಯ ಮುಂದೆ ಇಳಿದರೆ ಬಾಗಿಲಿಗೆ ಕೀಲಿ. ಅಣ್ಣ ಅತ್ತಿಗೆ ಮಕ್ಕಳೆಲ್ಲ ಬೆಳಿಗ್ಗೆಯೇ ನರಗುಂದಕ್ಕೆ ಮದುವೆಗೆ ಹೋಗಿದ್ದರು! ವರನ ತಾಯಿಗೇ ಅದು ನೆನಪಿರಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕುಸಿದು ನಗತೊಡಗಿದರು. ಓಣಿಯ ಹೆಂಗಸರು ಬಂದರು, ಅವರಿಗೂ ನಗು ಹತ್ತಿತು. ಬುಟ್ಟಿಯಲ್ಲಿದ್ದ ಉಂಡಿಯನ್ನೆಲ್ಲ ಅಲ್ಲಿಯೇ ಹಂಚಿದೆವು.

ತಿರುಗಿ ಬಂದಾಗ ಹೊತ್ತು ಇಳಿದಿತ್ತು. ಅರಿಷಿಣದ ಬಟ್ಟಲು ಕಾಯುತ್ತಿತ್ತು. ಚಿಗವ್ವ ಅದನ್ನು ಅಕ್ಕನ ಕೈಗೆ ಕೊಟ್ಟು, "ಮೊದಲ ನೀ ಹಚ್ಚು" ಎಂದಳು. ಅತ್ತೆ ಎಷ್ಟು ಹಚ್ಚಿದರೆಂದರೆ ವರನನ್ನು ಅವನ ತಂದೆಯೇ ಗುರುತಿಸಲಿಲ್ಲ. ಚಪ್ಪರದ ನಟ್ಟನಡುವೆ ಷಡ್ಡಕರಿಬ್ಬರೂ ಒಂದೇ ಮಣೆಯ ಮೇಲೆ ಕುಳಿತು, ಎಲ್ಲರೆದುರು, ತೊಡೆಗೆ ತೊಡೆ ಹಚ್ಚಿ ಎಲೆಯಡಿಕೆ ಮೆಲ್ಲುತ್ತಿದ್ದರು. ಮಾವನವರು ಮನೆಯ ಮಂದಿಯ ನಡುವೆ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಗಾಡಿ ಬಹಳ ದಿನ ಬಾಳಲಿಲ್ಲ. ಆಮೇಲೆ ಅಕ್ಕ ತಂಗಿ ಬಸ್ಸಿನಲ್ಲಿಯೇ ಹೋಗಿ ಬಂದು ಮಾಡಿದರು. ಜಗಳವೂ ಆಡಿದರು, ಆದರೆ ಮಾತಾಡಿಕೊಂಡು. ಗಾಡಿಯನ್ನು ಮಾವನವರು ಹೆಂಡತಿಗೆಂದೇ ಕೊಂಡದ್ದು, ಅದರಲ್ಲಿ ಸುಳ್ಳಿಲ್ಲ. ಆದರೆ ಷಡ್ಡಕನನ್ನು ಕದ್ದು ಭೇಟಿಯಾಗಿ ಬೇಸತ್ತ ಒಬ್ಬ ಗೆಳೆಯನೂ ಅವರೊಳಗೆ ಇದ್ದನೆಂಬುದು ನನಗೆ ಹೊಳೆದದ್ದು ಮೊನ್ನೆ, ಮೊಮ್ಮಗನ ಗಾಡಿಯೊಳಗೆ ತಲೆ ತೂರಿಸಿ ನಿಂತಾಗ.

"ಏನಜ್ಜಿ, ಚಲೋ ಇಲ್ಲೇನು?" ಎಂದ ಅವನು, ಮುಖ ಸಣ್ಣದು ಮಾಡಿ. ನನ್ನ ಸೊಸೆ, ಅವನ ತಾಯಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಿದ್ದಳು. ಅವಳ ಕಣ್ಣು ಗಾಡಿಯ ಮೇಲಿತ್ತು, ಕಿವಿ ನನ್ನ ಮಾತಿನ ಮೇಲಿತ್ತು.

"ಭಾಳ ಚಲೋ ಅದ" ಎಂದೆ. "ಹಾರ್ನ್ ಹೊಡಿ ಒಮ್ಮೆ. ಓಣ್ಯಾಗಿನ ಮಂದಿ ಹೊರಗ ಬರಲಿ."