ಕಂಪ್ಯೂಟರಿನಲ್ಲಿ ಬದುಕಿದ ಕಪ್ಪೆಚಿಪ್ಪುಗಳು

ನರಸಿಂಹಪ್ಪನ ಮಗಳು ಸುನಂದ ಕೋಲಾರದ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವುದು ಹೆಸರಿಗೆ. ಇಷ್ಟು ವರ್ಷವಾದರೂ ಅಲ್ಲಿ ಅವಳಿಗೆ ಯಾರೂ ಕೂರು ಅಂದಿಲ್ಲ. ಆ ಕಹಿಯನ್ನು ನುಂಗಿಕೊಂಡು ಅವಳು ಪ್ರೀತಿಯಿಟ್ಟದ್ದು ಕ್ಯಾಲನೂರು ಕಡೆಯ ತನ್ನೂರ ಕೆರೆಯ ಕಪ್ಪೆಚಿಪ್ಪುಗಳ ಮೇಲೆ. ಕೆಸರಲ್ಲಿ ಹೂತು ನೀರು ಸೋಸುವ ಆ ಮೂಕ ಜೀವಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಬಿಸಿಲು ಎಷ್ಟೇರಿದರೆ, ನೀರು ಎಷ್ಟಿಳಿದರೆ ಎಷ್ಟು ಉಳಿಯುತ್ತವೆ ಎಂದು ಹೇಳುವ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದಳು. ಮೀನಿನ ಕಿವಿರಿಗೆ ಅಂಟಿ ಬೆಳೆಯುವ ಮರಿಗಳನ್ನೂ ಬಿಡಲಿಲ್ಲ.

ಈ ಬೇಸಿಗೆಯಲ್ಲಿ ಕೆರೆಯ ತಳ ಕಂಡಿತು. ಕೆರೆ ಸಂಘದ ಮುನಿಯಲ್ಲಪ್ಪ ಒಳ್ಳೆಯ ಮನುಷ್ಯ. ತೂಬಿನ ಹತ್ತಿರ ಬೋರ್‌ವೆಲ್ ನೀರು ಬಿಟ್ಟು ಒಂದು ಮಡು ಉಳಿಸೋಣವೇ ಎಂದು ತಾನಾಗಿ ಕೇಳಿದ. ಸುನಂದ ಮಾದರಿಯನ್ನು ಓಡಿಸಿ ನೋಡಿದಳು. ಕೆಸರಿನ ಆಳದಲ್ಲಿ ಬಾಯಿ ಮುಚ್ಚಿ ಮಲಗಿದರೆ ಅರ್ಧಕ್ಕರ್ಧ ಚಿಪ್ಪುಗಳು ಮಳೆಯವರೆಗೂ ಬದುಕುತ್ತವೆ ಎಂದಿತು ಅದು. ಬೇಡ ಬಿಡಿ ಮಾವ, ಬೆಳೆಗೇ ನೀರಿಲ್ಲ ಎಂದಳು. ಹೆಮ್ಮೆಯಿಂದಲೇ ಹೇಳಿದಳು.

ಆ ಮಾದರಿಯ ಬಗ್ಗೆ ಮಾತಾಡಲು ಮಾಲೂರಿನ ಕಾಲೇಜಿನವರು ಕರೆದರು. ಹೋದಳು, ಚಪ್ಪಾಳೆಯೂ ಬಿತ್ತು. ಮರಳಿ ಬಂದರೆ ಕೆರೆಯಂಗಳದಲ್ಲಿ ಟ್ರ್ಯಾಕ್ಟರುಗಳ ಸಾಲು. ಹೊಲಕ್ಕೆ ಗೊಬ್ಬರವಾಗುವ ಕೆರೆತಳದ ಗೋಡುಮಣ್ಣನ್ನು ಜೆಸಿಬಿ ಬಗೆದು ತುಂಬುತ್ತಿತ್ತು, ಒಡೆದ ಚಿಪ್ಪುಗಳಿಗೆ ಕೊಕ್ಕರೆಗಳು ಮುತ್ತಿದ್ದವು. ಮೊದಲ ಟ್ರ್ಯಾಕ್ಟರು ಅವಳಪ್ಪನದೇ. ಅಡ್ಡ ಹೋಗಿ ನಿಂತಳು.

ನರಸಿಂಹಪ್ಪನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಕೆರೆ ಒಣಗಿದ್ಮೇಲೆ ಹೊಲಕ್ಕೆ ಗೋಡು ಹೊಡೀದೆ ಇರ್ತಾರೇನಮ್ಮಾ? ಚಿಕ್ಕೋಳಿದ್ದಾಗ ಗೋಡಿನ ಗಾಡಿ ಮೇಲೆ ನೀನೇ ಕೂತ್ಕೊಂಡು ಬರ್ತಿದ್ದೆ. ನೀರು ಬೇಡ ಅಂದೋಳೂ ನೀನೇ."

ಮಡುವೊಂದಿದ್ದಿದ್ದರೆ ಆ ಮೂಲೆಗಾದರೂ ಟ್ರ್ಯಾಕ್ಟರು ಇಳಿಯುತ್ತಿರಲಿಲ್ಲ. ಬಿಸಿಲು, ಮೀನು ಎಲ್ಲವನ್ನೂ ಲೆಕ್ಕಕ್ಕೆ ತಂದವಳು ತನ್ನ ಮನೆಯವರನ್ನೇ ಮರೆತಿದ್ದಳು. ಹೊರಗಿನವರು ಮರೆತರೆ ಕ್ಷಮಿಸಬಹುದು. ಗೋಡಿನ ಹೊಲದ ಮುದ್ದೆ ಉಂಡು ಬೆಳೆದವಳು ಮರೆತದ್ದಕ್ಕೆ ಏನನ್ನೋಣ? ಊರು ಸೂರೆ ಹೋದಮೇಲೆ ಕೋಟೆ ಬಾಗಿಲು ಹಾಕಿದರಂತೆ. ಸುನಂದ ಆಮೇಲೆ ಮಾದರಿಗೆ ಗೋಡನ್ನೂ ಸೇರಿಸಿದಳು. ಪರದೆಯ ಮೇಲೆ ಚಿಪ್ಪುಗಳ ಸಂಖ್ಯೆಯ ಗೆರೆ ಸೊನ್ನೆಗೆ ಬಿತ್ತು, ಮತ್ತೆ ಏಳಲಿಲ್ಲ.

ಮಳೆ ಬಂತು, ಕೆರೆ ತುಂಬಿತು. ಸೊಂಟದವರೆಗೆ ಇಳಿದು ಕಾಲಿನಿಂದ ತಡಕಿದಳು. ಒಂದೂ ಸಿಗಲಿಲ್ಲ. ಒದ್ದೆ ಸೀರೆಯಲ್ಲೇ ಮನೆಗೆ ಬಂದರೆ ಅಮ್ಮ ಹೊಲದ ಮೊದಲ ಟೊಮೇಟೊ ಹಾಕಿ ಸಾರು ಮಾಡಿದ್ದಳು. ಗೋಡು ಬಿದ್ದ ಹೊಲ. ಹಣ್ಣು ಮುಷ್ಟಿಗಾತ್ರ ಬಂದಿತ್ತು. ಇನ್ನೊಂದು ಸೌಟು ಹಾಕಲೇ ಎಂದು ಅಮ್ಮ ಕೇಳಿದಳು. ಸಾರು ಅಷ್ಟು ರುಚಿಯಾಗಿತ್ತು. ಸುನಂದ ತನ್ನ ಮೇಲೆ ತಾನೇ ಅಸಹ್ಯಪಟ್ಟುಕೊಂಡು ತಟ್ಟೆ ಮುಂದಕ್ಕೆ ಹಿಡಿದಳು.